ಮೆಣಸಿನಕಾಯಿ ಬರುವ ಮುಂಚೆ



ಎಂಟನೆಯ ತರಗತಿಯಲ್ಲಿ ಪೋರ್ಚುಗೀಸರ ಆಗಮನದ ಪಾಠ ಮಾಡುತ್ತಿದ್ದ ದಿನಗಳ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ. "೧೪೯೮ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನು, ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದರು, ಮೆಣಸಿನಕಾಯಿ ಮೊದಲಾದ ಬೆಳೆಗಳು ಅವರಿಂದ ನಮ್ಮಲ್ಲಿಗೆ ಬಂದವು" ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆನು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಮೆಣಸಿನಕಾಯಿ ಬರೋಕ್ಮುಂಚೆ ನಮ್ಮೋರು ಸಾರಿಗೆ ಏನ್ ಹಾಕ್ತಿದ್ರು? ಅಲ್ಲಿ ಅದನ್ನ ಬೆಳೀತಿದ್ದೋರು ಯಾರು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. "ಪರೀಕ್ಷೆಗೆ ಬರೋದನ್ನ ಕೇಳು, ಕೂತ್ಕೋ" ಎಂದೆ. ಉತ್ತರ ನನಗೇ ತಿಳಿದಿರಲಿಲ್ಲ ಎಂಬುದೇ ನಿಜವಾದ ಕಾರಣ. ಮೇಷ್ಟರಾದವರು ಅದನ್ನು ಒಪ್ಪಿಕೊಳ್ಳುವುದು ಆಗಿನ ಕಾಲದಲ್ಲಿ ಕಷ್ಟವಾಗಿತ್ತು.

ಆ ಪ್ರಶ್ನೆ ಇಷ್ಟು ವರ್ಷಗಳ ಮೇಲೆ ಶಿಕಾಗೊ ನಗರದ ಒಂದು ಊಟದ ಮೇಜಿನ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿತು.

೨೦೨೩ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮಗಳು, ಅಳಿಯಂದಿರು ನಮ್ಮಿಬ್ಬರನ್ನೂ ಪಿಲ್ಸನ್ ಎಂಬ ಬಡಾವಣೆಗೆ ಕರೆದೊಯ್ದರು. ಹೆಸರು ಬೊಹೀಮಿಯಾದ ಒಂದು ಊರಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಚೆಕ್ ವಲಸಿಗರು ತಮ್ಮ ಊರ ನೆನಪಿಗೆ ಇಟ್ಟದ್ದು. ೧೯೬೦ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಕಟ್ಟಡಗಳಿಗಾಗಿ ಹತ್ತಿರದ ಕೇರಿಗಳನ್ನು ತೆರವು ಮಾಡಿದಾಗ ಮನೆ ಕಳೆದುಕೊಂಡ ಮೆಕ್ಸಿಕನ್ ಕುಟುಂಬಗಳು ಇಲ್ಲಿಗೆ ಬಂದವು. ಈಗ ಅಲ್ಲಿ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇದೆ. ಅದನ್ನು ನೋಡಿ ಮುಗಿಸುವ ವೇಳೆಗೆ ಸಂಜೆಯಾಗಿತ್ತು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳೆಯ ಇಟ್ಟಿಗೆ ಕಟ್ಟಡದ ಕೆಳ ಅಂತಸ್ತಿನಲ್ಲಿ, ಬಿಳಿಯ ಮೇಜುವಸ್ತ್ರ ಹಾಸಿದ, ಮೆಲ್ಲಗೆ ಮಾತನಾಡಬೇಕೆನಿಸುವಂತಹ ಒಂದು ಭೋಜನಾಲಯ. ಮೆಕ್ಸಿಕನ್ ಊಟವೆಂದರೆ ಅಗ್ಗದ ಊಟ ಎಂಬ ಭಾವನೆ ಅಮೆರಿಕದಲ್ಲಿ ಬಹುಕಾಲ ಇತ್ತಂತೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ರಾತ್ರಿ ದೀಪ ಹಚ್ಚಿಕೊಂಡು ಊಟ ಮಾರುತ್ತಿದ್ದ ಹೆಂಗಸರನ್ನು ೧೯೩೦ರ ದಶಕದಲ್ಲಿ ಆರೋಗ್ಯದ ನಿಯಮಗಳ ಹೆಸರಿನಲ್ಲಿ ಎಬ್ಬಿಸಿದರು. ಅದೇ ಊಟ ಇಂದು ಬೆಳ್ಳಿಯ ಬಣ್ಣದ ಚಮಚಗಳೊಡನೆ ಬರುತ್ತದೆ. ಬೆಲೆ ಎಷ್ಟೆಂದು ಅಳಿಯಂದಿರು ನನಗೆ ತೋರಿಸಲಿಲ್ಲ. ತೋರಿಸಿದ್ದರೆ ಊಟ ಇಳಿಯುತ್ತಿರಲಿಲ್ಲ!

ಒಳಗೆ ಕಾಲಿಟ್ಟೊಡನೆ ನನ್ನ ಮನೆಯಾಕೆ, "ಇದೇನ್ರೀ, ನಮ್ಮ ಆಯುಧಪೂಜೆ ಇದ್ದಹಾಗಿದೆ!" ಎಂದಳು. ಬಾಗಿಲ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಗಲಿ, ಅದರ ತುಂಬ ಚೆಂಡುಹೂವು. ನಡುವೆ ಕಾಲವಾದವರ ಭಾವಚಿತ್ರಗಳು, ಮೇಣದ ಬತ್ತಿಗಳು, ಒಂದು ಲೋಟ ನೀರು, ತಟ್ಟೆಯಲ್ಲಿ ತಿಂಡಿ, ಒಂದು ಕಡೆ ಸಿಗರೇಟಿನ ಪೊಟ್ಟಣ, ಒಂದು ಪುಟ್ಟ ಸೀಸೆ ಮದ್ಯ. ನವೆಂಬರ್ ೧ ಮತ್ತು ೨ರಂದು ತೀರಿಕೊಂಡವರು ಮನೆಗೆ ಬರುತ್ತಾರೆಂಬುದು ಅವರ ನಂಬಿಕೆ. ಬಡಿಸುವ ಯುವಕನು ಒಂದು ಚಿತ್ರವನ್ನು ತೋರಿಸಿ, "ನನ್ನ ಅಜ್ಜಿ. ಆ ಕಾಫಿ ಅವರಿಗೆ" ಎಂದನು. ಚೆಂಡುಹೂವನ್ನು ನಾವು ಅನಾದಿಯಿಂದ ನಮ್ಮದೆಂದೇ ತಿಳಿದಿದ್ದೇವೆ. ಅದರ ತವರು ಮೆಕ್ಸಿಕೋ. ನಮ್ಮ ಸೀಬೆ, ಪರಂಗಿ, ಸೀತಾಫಲಗಳ ತವರೂ ಅಮೆರಿಕ ಖಂಡಗಳೇ. ಸಪೋಟ, ಚಿಕ್ಕು ಎಂಬ ಎರಡು ಹೆಸರುಗಳೂ ಅಲ್ಲಿನ ನಾವಾಟ್ಲ್ ಭಾಷೆಯಿಂದ ಬಂದವು. ಪರಂಗಿ ಹಣ್ಣು ಮಾತ್ರ ತಾನು ಹೊರಗಿನಿಂದ ಬಂದದ್ದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡಿದೆ.

ನಾವು ಸಸ್ಯಾಹಾರಿಗಳು ಎಂದು ಮಗಳು ವಿವರಿಸಿದಳು. ಆ ಯುವಕ ಬೇಸರಿಸದೆ ಒಳಗೆ ಹೋಗಿ ಕೇಳಿಕೊಂಡು ಬಂದು, ಅವರೆಯಂತಹ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕಿದೆ, ಬೇಡವೆಂದನು. ಮೊದಲು ಬಂದದ್ದು ಟೋರ್ಟಿಯಾ, ಅಂದರೆ ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿ. ಧಾರವಾಡದ ಕಡೆ ಇದೇ ಜೋಳವನ್ನು ಗೋವಿನಜೋಳ ಎನ್ನುತ್ತಾರೆ. ಆದರೆ ಆ ರೊಟ್ಟಿಯ ಪರಿಮಳ ನಾನು ಬಲ್ಲ ಮೆಕ್ಕೆಜೋಳದ ಹಿಟ್ಟಿನದಾಗಿರಲಿಲ್ಲ. ಕೇಳಿದೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಇರುಳೆಲ್ಲ ನೆನೆಯಲು ಬಿಟ್ಟು, ಸಿಪ್ಪೆ ಜಾರುವಂತೆ ತೊಳೆದು, ಆಮೇಲೆ ರುಬ್ಬುತ್ತಾರಂತೆ. ನಾವು ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣ! ಇದು ಮೂರು ಸಾವಿರ ವರ್ಷಗಳಿಗೂ ಹಿಂದಿನ ವಿದ್ಯೆ.

ಇದರ ಮಹತ್ವವನ್ನು ಮನೆಗೆ ಬಂದಮೇಲೆ ಓದಿ ತಿಳಿದೆನು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವು ನಮ್ಮ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ, ಸುಣ್ಣದಲ್ಲಿ ಬೇಯಿಸಿದರೆ ದಕ್ಕುತ್ತದೆ. ಸ್ಪೇನಿನವರು ಬೀಜವನ್ನು ಹಡಗಿನಲ್ಲಿ ತುಂಬಿಕೊಂಡು ಹೋದರು, ಅಡುಗೆಮನೆಯ ಹೆಂಗಸರನ್ನು ಏನೂ ಕೇಳಲಿಲ್ಲ. ಫಲವಾಗಿ ಮೆಕ್ಕೆಜೋಳವನ್ನೇ ನೆಚ್ಚಿದ ಯುರೋಪಿನ ಬಡವರಿಗೆ ಚರ್ಮ ಒಡೆದು, ಬುದ್ಧಿ ಕೆಡುವ ಪೆಲಾಗ್ರ ರೋಗ ಬಂದಿತು. ೧೭೩೫ರಲ್ಲಿ ಗಾಸ್ಪರ್ ಕಸಾಲ್ ಎಂಬ ಸ್ಪೇನಿನ ವೈದ್ಯನು ಅದನ್ನು ಮೊದಲು ವರ್ಣಿಸಿದನು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನ ಇದರಿಂದ ಸತ್ತರು. ಅದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಲು ೧೯೧೪ರಿಂದ ದುಡಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಬಹುಮಂದಿ ನಂಬಲಿಲ್ಲ. ಕಾರಣವಾದ ಜೀವಸತ್ವ ಪತ್ತೆಯಾದದ್ದು ೧೯೩೭ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. "ಅಲ್ಲಿ ಅದನ್ನು ಬೆಳೆಯುತ್ತಿದ್ದವರು ಯಾರು?" ಎಂಬ ಪ್ರಶ್ನೆಯನ್ನು ಹಡಗಿನವರಾದರೂ ಕೇಳಿದ್ದರೆ!

ಕುಡಿಯಲು ತಂದುಕೊಟ್ಟದ್ದು ಹುಣಸೆಯ ಪಾನಕ. ಬೆಲ್ಲದ ಬದಲು ಸಕ್ಕರೆ, ಏಲಕ್ಕಿ ಇಲ್ಲ, ಉಳಿದಂತೆ ರಾಮನವಮಿಯೇ. ಸ್ಪೇನಿನವರ ಆಳ್ವಿಕೆಯಲ್ಲಿ ಹುಣಸೆ ಅಲ್ಲಿಗೆ ಹೋಯಿತು. ೧೫೬೫ರಿಂದ ೧೮೧೫ರವರೆಗೆ ಮನಿಲಾ ಮತ್ತು ಅಕಾಪುಲ್ಕೋ ನಡುವೆ ಓಡಾಡಿದ ಹಡಗುಗಳು ಏಷ್ಯದ ಸರಕನ್ನು ಮೆಕ್ಸಿಕೋಗೆ ಮುಟ್ಟಿಸುತ್ತಿದ್ದವು. ಸರಕಿನ ಜೊತೆ ಮನುಷ್ಯರನ್ನೂ. ಮಿರ್ರಾ ಎಂಬ ಭಾರತದ ಹುಡುಗಿಯನ್ನು ಪೋರ್ಚುಗೀಸರು ಹಿಡಿದು, ಕೊಚ್ಚಿಯ ಮೂಲಕ ಮನಿಲಾಕ್ಕೆ ಸಾಗಿಸಿ, ಗುಲಾಮಳಾಗಿ ಮಾರಿದರು. ಆಕೆ ಮೆಕ್ಸಿಕೋದ ಪ್ಯೂಬ್ಲಾ ನಗರದಲ್ಲಿ ಕತರೀನಾ ದೆ ಸಾನ್ ಹ್ವಾನ್ ಎಂಬ ಹೆಸರಿನಿಂದ ಬಾಳಿ, ೧೬೮೮ರಲ್ಲಿ ತೀರಿಕೊಂಡಳು. ಜನ ಆಕೆಯನ್ನು ಸಂತಳೆಂದು ಭಾವಿಸಿದರು. ಪಾದ್ರಿಯೊಬ್ಬರು ಬರೆದ ಆಕೆಯ ಚರಿತ್ರೆಯನ್ನು ಮತವಿಚಾರಣೆಯ ನ್ಯಾಯಾಲಯ ನಿಷೇಧಿಸಿತು. ಇತಿಹಾಸ ಬೋಧಿಸುತ್ತಲೇ ನಿವೃತ್ತನಾದ ನಾನು ಆಕೆಯ ಹೆಸರನ್ನು ಕೇಳಿದ್ದು ಈ ಇಳಿವಯಸ್ಸಿನಲ್ಲಿ.

ಕಡೆಗೆ ಮೋಲೆ ಬಂದಿತು. ಒಣ ಮೆಣಸಿನಕಾಯಿಗಳನ್ನು ಹುರಿದು, ಎಳ್ಳು, ಕಡಲೆಕಾಯಿ, ಚಕ್ಕೆ, ಲವಂಗ, ಕಾಳುಮೆಣಸು, ಸ್ವಲ್ಪ ಚಾಕೊಲೇಟ್ ಎಲ್ಲವನ್ನೂ ನುಣ್ಣಗೆ ಅರೆದು ಗಂಟೆಗಟ್ಟಲೆ ಕುದಿಸಿದ, ಕಪ್ಪಗೆ ಹೊಳೆಯುವ ಗೊಜ್ಜು. ಕೋಳಿಯ ರಸವಿಲ್ಲದೆ ಮಾಡಿದ್ದನ್ನು ಅಣಬೆಯ ಮೇಲೆ ಸುರಿದು ಕೊಟ್ಟರು. ಅವರು ಬಳಸುವ ಮೆಣಸಿನಕಾಯಿಯನ್ನು ತರಿಸಿ ನೋಡಿದೆವು. ನಮ್ಮ ಬ್ಯಾಡಗಿಯ ಹಾಗೆಯೇ ಸುಕ್ಕು, ಖಾರ ಕಡಿಮೆ. ಒಂದೇ ಗೊಜ್ಜಿನಲ್ಲಿ ಅವರ ಮೆಣಸಿನಕಾಯಿಯೂ ನಮ್ಮ ಕಾಳುಮೆಣಸೂ ಕೂಡಿದ್ದವು.

ಇಲ್ಲಿಯೇ ಆ ಹುಡುಗನ ಮೊದಲ ಪ್ರಶ್ನೆಗೆ ಉತ್ತರ ಹೊಳೆಯಿತು. ಮೆಣಸು ಎಂದರೆ ಮೊದಲು ನಮ್ಮ ಮಲೆನಾಡಿನ ಬಳ್ಳಿಯ ಮೆಣಸು ಒಂದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅದರಿಂದಲೇ. ಹೊಸ ಕಾಯಿ ಬಂದಾಗ ನಾವು ಅದನ್ನು ಮೆಣಸಿನ ಕಾಯಿ ಎಂದೆವು, ಅದು ಎಷ್ಟು ಬಲಿಯಿತೆಂದರೆ ಮೂಲದ ಮೆಣಸಿಗೇ ಕಾಳುಮೆಣಸು, ಒಳ್ಳೆಮೆಣಸು ಎಂದು ಬೇರೆ ಹೆಸರು ಬೇಕಾಯಿತು. ಸ್ಪೇನಿನವರೂ ಹಾಗೆಯೇ ಮಾಡಿದರು. ಅವರಿಗೆ ಪಿಮಿಯೆಂತ ಎಂದರೆ ಮೆಣಸು, ಪಿಮಿಯೆಂತೊ ಎಂದರೆ ಮೆಣಸಿನಕಾಯಿ.

ಇನ್ನು ಸಾರಿಗೆ ಏನು ಹಾಕುತ್ತಿದ್ದರು? ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಅದು ಕಣ್ಣ ಮುಂದೆಯೇ ಬೇಯುತ್ತಿತ್ತು. ತಂದೆಯವರ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿ ಯಾವುದೂ ಸಲ್ಲದು. ಮೆಣಸು ಜೀರಿಗೆಯ ಸಾರು, ಬಾಳೆಕಾಯಿ, ಹಾಗಲಕಾಯಿ, ಉದ್ದಿನ ವಡೆ, ಎಳ್ಳು. ಸತ್ತ ಹಿರಿಯರಿಗೆ ಅವರ ಕಾಲದ ಊಟ! ನಾನು ಆ ಸಾರನ್ನು ಉಂಡು, ಮರುದಿನ ಶಾಲೆಗೆ ಹೋಗಿ ಆ ಹುಡುಗನನ್ನು ಕೂರಿಸುತ್ತಿದ್ದೆನು.

ಇದನ್ನು ಹೆಮ್ಮೆಯಿಂದ ಮಗಳಿಗೆ ವಿವರಿಸುತ್ತಿದ್ದಾಗ ನನ್ನ ಮನೆಯಾಕೆ, ಬಾಗಿಲ ಬಳಿಯ ಜಗಲಿಯ ಕಡೆಗೆ ಕೈ ತೋರಿಸಿ, "ಅದು ನಮ್ಮ ತಿಥಿಯಂತಿಲ್ಲ. ನಮ್ಮ ಬೀದಿಯ ಕೊನೇ ಮನೆಯವರ ಹಿರಿಯರ ಹಬ್ಬದ ಎಡೆ ಹಾಗಿದೆ" ಎಂದಳು. ಸರಿಯಾಗಿತ್ತು. ಮಹಾಲಯ ಅಮಾವಾಸ್ಯೆಯಲ್ಲಿ ಅವರು ಸತ್ತವರಿಗೆ ಪ್ರಿಯವಾದದ್ದನ್ನೇ ಎಡೆ ಇಡುತ್ತಿದ್ದರು: ಖಾರದ ಸಾರು, ಬಾಡು, ಬೀಡಿ, ಒಂದು ಸೀಸೆ. ಶಾಸ್ತ್ರದ ಪ್ರಕಾರವಲ್ಲ, ಆಯಾ ಮನುಷ್ಯನ ನಾಲಗೆಯ ಪ್ರಕಾರ. ನನ್ನನ್ನು ಪ್ರಶ್ನೆ ಕೇಳಿದ ಹುಡುಗ ಆ ಮನೆಯವನೇ. ಒಂದು ಮಹಾಲಯದ ಮರುದಿನ ಅವನು ನನಗೆ ಒಬ್ಬಟ್ಟು ತಂದಿದ್ದ. ಏನೋ ನೆಪ ಹೇಳಿ ತೆಗೆದುಕೊಳ್ಳಲಿಲ್ಲ.

ಅವನಿಗೆ ಈಗ ಐವತ್ತು ದಾಟಿರಬೇಕು. ಈ ಪುಟ ಅವನ ಕಣ್ಣಿಗೆ ಬೀಳುವುದೋ ಇಲ್ಲವೋ. ಬಿದ್ದರೆ, ಅಪ್ಪಾ, ಉತ್ತರ ತಡವಾಯಿತು. ನಿಮ್ಮ ಅಜ್ಜಿ ಎಡೆಗೆ ಏನೇನು ಇಡುತ್ತಿದ್ದರು, ಅದರಲ್ಲಿ ಮೆಣಸಿನಕಾಯಿ ಹಾಕದ ಅಡುಗೆ ಯಾವುದಾದರೂ ಇತ್ತೇ ಎಂದು ಬರೆದು ಕಳಿಸು. ನಮ್ಮ ಮನೆಯ ಸಾರಿನದಷ್ಟೇ ನನಗೆ ಗೊತ್ತು.