ಕಮಲಾಪುರದ ಬಸ್ಸು, ಕಲಬುರಗಿಯ ತರಗತಿ: ಕಾಲೇಜುಗಳು ಒಂದಾಗುವ ಹಾದಿ

ಬೆಳಿಗ್ಗೆ ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಕಮಲಾಪುರದಲ್ಲಿ ನಿಂತಿತೆಂದರೆ ಪಾಸು ಹಿಡಿದ ಹುಡುಗ ಹುಡುಗಿಯರು ಬಾಗಿಲಿಗೆ ಮುತ್ತುತ್ತಾರೆ. ಸೀಟು ಸಿಗದವರು ಬ್ಯಾಗನ್ನು ಎದೆಗವುಚಿಕೊಂಡು ಕಲಬುರಗಿಯವರೆಗೂ ನಿಂತೇ ಬರುತ್ತಾರೆ. ಕೆಂಪು ಬಾಳೆಗೆ ಹೆಸರಾದ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಆದರೂ ಬಯಸಿದ ವಿಷಯ, ಒಳ್ಳೆಯ ಪ್ರಯೋಗಾಲಯ, ದೊಡ್ಡ ಗ್ರಂಥಾಲಯ ಬೇಕೆಂದವರಿಗೆ ಇಂದಿಗೂ ನಗರದ ದಾರಿಯೇ ಗತಿ. ಚದುರಿದ ಸರ್ಕಾರಿ ಕಾಲೇಜುಗಳನ್ನು ಹಲವು ಆವರಣಗಳ ಒಂದೇ ಸಂಸ್ಥೆಯಾಗಿ ಕೂಡಿಸುವ ವಿಚಾರವನ್ನು ಈ ಬಸ್ಸಿನ ಬಾಗಿಲಲ್ಲಿ ನಿಂತೇ ಅಳೆಯಬೇಕು.

ದೂರದ ತವರು

ಈ ಭಾಗದ ಉನ್ನತ ಶಿಕ್ಷಣದ ತವರು ಬಹುಕಾಲ ಬೇರೆ ಊರಲ್ಲೇ ಇತ್ತು. ನಿಜಾಮರ ಆಳ್ವಿಕೆಯಲ್ಲಿ ಗುಲಬರ್ಗಾದ (ಇಂದಿನ ಕಲಬುರಗಿಯ) ಇಂಟರ್‌ಮೀಡಿಯೆಟ್ ಕಾಲೇಜು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ ಮುಖ ಮಾಡಿದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, ಎಂಜಿನಿಯರಿಂಗ್ ಶಿಕ್ಷಣ ಊರಿಗೇ ಬಂತು. 1970ರಲ್ಲಿ ಧಾರವಾಡದ ವಿಶ್ವವಿದ್ಯಾಲಯ ಇಲ್ಲೊಂದು ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ, ಸೇಡಂ ರಸ್ತೆಯ ‘ಜ್ಞಾನಗಂಗಾ’ ಆವರಣದಲ್ಲಿ ನೆಲೆಯೂರಿತು. ಗುಲಬರ್ಗಾ, ಬೀದರ್, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಾಲೇಜುಗಳಿಗೆಲ್ಲ ಆಗ ಅದೊಂದೇ ಆಸರೆ.

ಒಂದು ಹಲವಾದ ಕಾಲ

ಮುಂದಿನ ದಶಕಗಳದ್ದು ಪಾಲಾಗುವ ಕಥೆ. ಮೊದಲು ವಿಷಯವಾರು ಪಾಲು: ವೈದ್ಯಕೀಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಎಂಜಿನಿಯರಿಂಗ್ ಕಾಲೇಜುಗಳು 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಹೋದವು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿದಾಗ ಮಹಿಳಾ ಕಾಲೇಜುಗಳು ಅತ್ತ ಸರಿದವು. ಆಮೇಲೆ ಜಿಲ್ಲಾವಾರು ಪಾಲು: 2010ರಲ್ಲಿ ಬಳ್ಳಾರಿ, ಈಚೆಗೆ ರಾಯಚೂರು ಮತ್ತು ಬೀದರ್ ತಮ್ಮವೇ ವಿಶ್ವವಿದ್ಯಾಲಯಗಳನ್ನು ಪಡೆದವು. ನಾಲ್ಕು ಜಿಲ್ಲೆಗಳ ಹಿರಿಯಣ್ಣನಾಗಿದ್ದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಉಳಿದದ್ದು ಕಲಬುರಗಿ ಜಿಲ್ಲೆ.

ಇದರಲ್ಲಿ ಒಳ್ಳೆಯದೂ ಇತ್ತು. ಒಂದು ಅಂಕಪಟ್ಟಿ ತಿದ್ದಿಸಲು ಬೀದರಿನ ಬಡ ವಿದ್ಯಾರ್ಥಿ ದಿನಗೂಲಿ ಬಿಟ್ಟು ಜ್ಞಾನಗಂಗಾಕ್ಕೆ ಅಲೆಯುವುದು ತಪ್ಪಿತು. ಆದರೆ ಕಚೇರಿ ಹತ್ತಿರ ಬಂದಷ್ಟು ಸುಲಭವಾಗಿ ಅಧ್ಯಾಪಕರು ಹತ್ತಿರ ಬರಲಿಲ್ಲ. ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳು ಇಂದಿಗೂ ಅತಿಥಿ ಉಪನ್ಯಾಸಕರ ಹೆಗಲ ಮೇಲೇ ನಡೆಯುತ್ತಿವೆ.

ಕೂಡಿಸುವ ಯತ್ನಗಳು

ಕೂಡಿಸುವ ಆಲೋಚನೆಗೆ ಬಲ ಬಂದದ್ದು 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ರೂಸಾ’ (ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ) ಯೋಜನೆಯಿಂದ. ಅಕ್ಕಪಕ್ಕದ ಕಾಲೇಜುಗಳನ್ನು ಸೇರಿಸಿ ಕ್ಲಸ್ಟರ್ ವಿಶ್ವವಿದ್ಯಾಲಯ ಕಟ್ಟಲು ಅದು ಹಣ ಒದಗಿಸಿತು. 2016ರಲ್ಲಿ ಜಮ್ಮು ಮತ್ತು ಶ್ರೀನಗರ, 2019ರಲ್ಲಿ ಮುಂಬೈಯ ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯ ಹೀಗೆ ರೂಪುಗೊಂಡವು. ಬೆಂಗಳೂರಿನಲ್ಲಿ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹದಿನೈದು ವರ್ಷಗಳಲ್ಲಿ ಕಾಲೇಜುಗಳನ್ನು ವಿಶ್ವವಿದ್ಯಾಲಯಕ್ಕೆ ಅಂಟಿಸಿಡುವ ಸಂಯೋಜನಾ ಪದ್ಧತಿಯನ್ನೇ ಕೈಬಿಡಬೇಕೆಂದಿತು. 2025ರ ಆರಂಭದಲ್ಲಿ ರಾಜ್ಯದ ಸಂಪುಟ ಉಪಸಮಿತಿ, ಕೊಪ್ಪಳವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಿಗೆ ಸೇರಿಸುವ ಮಾತೆತ್ತಿದಾಗ ಆಯಾ ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಹಣವಿಲ್ಲವೆಂದು ಮಾಡುವ ವಿಲೀನವನ್ನು ಜನ ಕಿತ್ತುಕೊಳ್ಳುವಿಕೆ ಎಂದೇ ಓದುತ್ತಾರೆ.

ಕಿತ್ತುಕೊಳ್ಳದೆ ಕೂಡಿಸಲು ಯತ್ನಿಸಿದ ಉದಾಹರಣೆಯೂ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯ 2023ರ ಜುಲೈಯಲ್ಲಿ ತನ್ನ 12 ಸಮುದಾಯ ಕಾಲೇಜುಗಳನ್ನು ಒಂದಾಗಿಸಿತು. ಆವರಣಗಳು ಇದ್ದಲ್ಲೇ ಉಳಿದವು. ಒಂದೇ ಅರ್ಜಿ, ಒಂದೇ ಪಠ್ಯಕ್ರಮ ಎಲ್ಲ ಕಡೆ ನಡೆಯುವಂತಾಯಿತು. ನಿರ್ಧಾರಗಳು ಕೇಂದ್ರದ ಕೈಗೆ ಹೋಗುತ್ತವೆಂದು ಅಲ್ಲಿನ ಅಧ್ಯಾಪಕರು ವರ್ಷಗಟ್ಟಲೆ ಆಕ್ಷೇಪಿಸಿದ್ದರು. ಅವರ ಅಂಜಿಕೆಯನ್ನು ನಾವೂ ಗಂಭೀರವಾಗಿ ಪರಿಗಣಿಸಬೇಕು.

ಕಲಬುರಗಿಗೆ ಬೇಕಾದ ವಿಲೀನ

ನಮ್ಮಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ರಾಜ್ಯದ ವಿಶ್ವವಿದ್ಯಾಲಯಗಳ ‘ಯುಯುಸಿಎಂಎಸ್’ ತಂತ್ರಾಂಶದ ಮೂಲಕ ಆಗಲೇ ಒಂದೇ ಜಾಲಕ್ಕೆ ಬಂದಿವೆ. ಕಾಗದ ಕೂಡಿದೆ, ಇನ್ನು ಕೂಡಬೇಕಾದದ್ದು ಪಾಠ. ಕಲಬುರಗಿ, ಕಮಲಾಪುರ ಒಂದೇ ಕಾಲೇಜಿನ ಎರಡು ಆವರಣಗಳಾದರೆ ಸಂಖ್ಯಾಶಾಸ್ತ್ರದ ಒಬ್ಬ ಅಧ್ಯಾಪಕರು ವಾರಕ್ಕೆರಡು ದಿನ ಕಮಲಾಪುರದಲ್ಲಿ ಪಾಠ ಮಾಡಬಹುದು. ಅಲ್ಲಿನ ಹುಡುಗಿ ನಗರದ ಪ್ರಯೋಗಾಲಯದಲ್ಲಿ ಒಂದು ವಾರ ಕೆಲಸ ಮಾಡಿ, ಗಳಿಸಿದ ಕ್ರೆಡಿಟ್ಟನ್ನು ತನ್ನೂರಿನ ದಾಖಲೆಗೇ ಸೇರಿಸಿಕೊಳ್ಳಬಹುದು. ಪ್ರತಿ ಆವರಣಕ್ಕೂ ಅದರದೇ ಪ್ರಾಂಶುಪಾಲರು, ಅದರದೇ ಅನುದಾನ ಇರಲೇಬೇಕು. ವಿದ್ಯಾರ್ಥಿಗಳು ಕಡಿಮೆಯೆಂದು ಒಂದು ವಿಭಾಗಕ್ಕೂ ಬೀಗ ಬೀಳಕೂಡದು. ಸಂವಿಧಾನದ 371(ಜೆ) ವಿಧಿಯ ಬಲದಿಂದ ಈ ಭಾಗಕ್ಕೆ ಬರುವ ವಿಶೇಷ ಅನುದಾನಕ್ಕೆ ಇದಕ್ಕಿಂತ ಸಾರ್ಥಕ ವೆಚ್ಚ ಇನ್ನೊಂದಿಲ್ಲ.

ಕಲಬುರಗಿಯಲ್ಲಿ ಮನೆ ಮಾಡಿ ದಿನವೂ ತಾಲ್ಲೂಕಿನ ಕಾಲೇಜುಗಳಿಗೆ ಹೋಗಿಬರುವ ಅಧ್ಯಾಪಕರು ಈಗಲೂ ಇದ್ದಾರೆ. ಹುಮನಾಬಾದ್ ರಸ್ತೆಯಲ್ಲಿ ಮಕ್ಕಳ ಬಸ್ಸೂ ಮೇಷ್ಟರ ಬಸ್ಸೂ ಎದುರುಬದುರಾಗಿ ಹಾದುಹೋಗುತ್ತವೆ. ಆ ಎರಡೂ ಬಸ್ಸುಗಳ ಮಂದಿ ಒಂದೇ ತರಗತಿಯಲ್ಲಿ ಸೇರಿದ ದಿನ ಕಾಲೇಜುಗಳು ನಿಜಕ್ಕೂ ಕೂಡಿದಂತೆ.