ಆ ನೆಲದಲ್ಲಿ ಮೊದಲು ಏನಿತ್ತು? ಜೈವಿಕ ಇಂಧನದ ಪರಿಸರ ಮತ್ತು ಸಾಮಾಜಿಕ ಪರಿಣಾಮಗಳ ಲೆಕ್ಕ ಹಿಡಿಯುವ ಬಗೆ

ಜೈವಿಕ ಇಂಧನವನ್ನು ಸಮರ್ಥಿಸುವ ವಾದ ಹೆಚ್ಚಾಗಿ ಒಂದು ಸರಳ ಲೆಕ್ಕದಿಂದ ಹೊರಡುತ್ತದೆ: ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಎಂಜಿನ್ನಿನಲ್ಲಿ ಉರಿದು ಗಾಳಿಗೆ ಮರಳುತ್ತದೆ, ಹಾಗಾಗಿ ವಾತಾವರಣದ ಮೇಲೆ ಹೊಸ ಹೊರೆ ಬೀಳುವುದಿಲ್ಲ. ಈ ಲೆಕ್ಕದ ರಸಾಯನಶಾಸ್ತ್ರ ಸರಿಯಾಗಿಯೇ ಇದೆ; ಅದು ಮರೆತಿರುವುದು ಬೇಸಾಯವನ್ನು. ಇಂಧನದ ಬೆಳೆ ಬರುವ ಮುನ್ನವೂ ಆ ನೆಲದಲ್ಲಿ ಏನೋ ಬೆಳೆಯುತ್ತಿತ್ತು, ಇಂಗಾಲ ಹೀರುತ್ತಿತ್ತು, ಯಾರದೋ ಹೊಟ್ಟೆಗೋ ಒಲೆಗೋ ಕೊಟ್ಟಿಗೆಗೋ ಒದಗುತ್ತಿತ್ತು. ಅದನ್ನು ತೆಗೆದು ಇಂಧನ ಬೆಳೆದಾಗ ಕಳೆದುಹೋದದ್ದನ್ನು ಬೇರೆಲ್ಲೋ ತುಂಬಿಕೊಳ್ಳಬೇಕಾಗುತ್ತದೆ. 2008ರಲ್ಲಿ ತಿಮೋತಿ ಸರ್ಚಿಂಗರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಈ ತುಂಬಿಕೊಳ್ಳುವಿಕೆಯನ್ನೂ ಲೆಕ್ಕಕ್ಕೆ ಸೇರಿಸಿದಾಗ, ಅಮೆರಿಕದ ಮೆಕ್ಕೆಜೋಳದ ಎಥನಾಲು 30 ವರ್ಷಗಳ ಅವಧಿಯಲ್ಲಿ ಪೆಟ್ರೋಲಿಗಿಂತ ಸುಮಾರು ಎರಡು ಪಟ್ಟು ಹಸಿರುಮನೆ ಅನಿಲ ಹೊರಸೂಸುತ್ತದೆ ಎಂಬ ಫಲಿತಾಂಶ ಬಂತು. ನಂತರದ ಸಂಶೋಧಕರಲ್ಲಿ ಹಲವರು ಈ ಅಂದಾಜನ್ನು ಸಾಕಷ್ಟು ತಗ್ಗಿಸಿದ್ದಾರೆ, ವಿವಾದ ಮುಗಿದಿಲ್ಲ. ಆದರೆ ಆ ಲೇಖನ ಎತ್ತಿದ ಪ್ರಶ್ನೆಯನ್ನು ಯಾರೂ ಅಲ್ಲಗಳೆದಿಲ್ಲ. ಆ ನೆಲ, ಆ ನೀರು ಮೊದಲು ಏನು ಮಾಡುತ್ತಿದ್ದವು ಎಂಬ ಅದೇ ಪ್ರಶ್ನೆಯನ್ನು ಭಾರತದ, ಮುಖ್ಯವಾಗಿ ಕರ್ನಾಟಕದ, ಅನುಭವಕ್ಕೆ ಹಾಕಿದರೆ ಜೈವಿಕ ಇಂಧನಗಳು ಒಂದೇ ಗುಂಪಿನ ವಸ್ತುಗಳಾಗಿ ಉಳಿಯುವುದಿಲ್ಲ ಎಂಬುದು ಈ ಲೇಖನದ ವಾದ.

ಎಣ್ಣೆಬೀಜದ ಗಿಡವಾದ ಜತ್ರೋಪದಿಂದ ಆರಂಭಿಸುವುದು ನ್ಯಾಯ, ಏಕೆಂದರೆ ಅಲ್ಲಿ ಪ್ರಯೋಗ ಮುಗಿದು ಫಲಿತಾಂಶ ಕೈಗೆ ಸಿಕ್ಕಿದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ದೇಶದಲ್ಲಿ ಸುಮಾರು 1.34 ಕೋಟಿ ಹೆಕ್ಟೇರ್ ನೆಲ ಜತ್ರೋಪ ನೆಡಲು ಯೋಗ್ಯವೆಂದು ಗುರುತಿಸಿತು. 2011-12ರ ಹೊತ್ತಿಗೆ ಡೀಸೆಲ್ಲಿಗೆ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಮುಂದಿಟ್ಟಿತು. ತಿನ್ನಲು ಬಾರದ ಎಣ್ಣೆ, ಬೆಳೆ ಬಾರದ ನೆಲ, ಮಳೆಯಷ್ಟೇ ಸಾಕು ಎಂಬ ಮೂರು ಭರವಸೆಗಳ ಮೇಲೆ ಯೋಜನೆ ನಿಂತಿತ್ತು. ತಮಿಳುನಾಡಿನ ಕೊಯಮತ್ತೂರು ಮತ್ತು ತಿರುವಣ್ಣಾಮಲೈ ಜಿಲ್ಲೆಗಳಲ್ಲಿ ಪೆರೆ ಅರೀಜಾ-ಮೊಂಟೊಬಿಯೊ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ಶರಚ್ಚಂದ್ರ ಲೆಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಮುಂದೆ ಈ ಭರವಸೆಗಳು ನಿಲ್ಲಲಿಲ್ಲ. ಇಳುವರಿ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ. ನೀರು ಕೊಟ್ಟ ಹೊಲದಲ್ಲೂ ಲಾಭ ಕಾಣಲಿಲ್ಲ. ಗಿಡ ನೆಟ್ಟದ್ದು ಹೆಚ್ಚಾಗಿ ಬೀಳುಭೂಮಿಯಲ್ಲೂ ಅಲ್ಲ, ಶೇಂಗಾದಂಥ ಬೆಳೆ ಬರುತ್ತಿದ್ದ ಹೊಲದಲ್ಲಿ. ಡೀಸೆಲ್ಲಿಗೆ ಜೈವಿಕ ಡೀಸೆಲ್ ಬೆರೆಸುವ ಪ್ರಮಾಣ ದೇಶದಲ್ಲಿ ಹೆಸರಿಗಷ್ಟೇ ಉಳಿಯಿತು.

ಇದಕ್ಕಿಂತಲೂ ಕಣ್ಣು ತೆರೆಸುವ ಸಾಕ್ಷ್ಯ ತಮಿಳುನಾಡಿನದೇ ವಿರುಧುನಗರ ಜಿಲ್ಲೆಯದು. ಅಲ್ಲಿ ಸರ್ಕಾರದ ಕಡತದಲ್ಲಿ ಬಂಜರೆಂದು ಬರೆಯಲಾದ ನೆಲದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಜನ ಅದನ್ನು ಕಡಿದು ಮನೆಯ ಒಲೆಗೆ ಬಳಸುತ್ತಿದ್ದರು, ಇದ್ದಿಲು ಸುಡುತ್ತಿದ್ದರು, ಇಟ್ಟಿಗೆ ಗೂಡಿನಂಥ ಉದ್ಯಮಗಳಿಗೂ ಸೌದೆ ಹೋಗುತ್ತಿತ್ತು. ಜೆನಿಫರ್ ಬಾಕಾ ಮತ್ತು ರಾಬರ್ಟ್ ಬೈಲಿಸ್ 2014ರಲ್ಲಿ ಎರಡೂ ವ್ಯವಸ್ಥೆಗಳ ಶಕ್ತಿಯ ಹರಿವನ್ನು ಅಳೆದು, ಜಾಲಿಯ ಆರ್ಥಿಕತೆ ಜತ್ರೋಪಕ್ಕಿಂತ 2.5ರಿಂದ 10.3 ಪಟ್ಟು ಹೆಚ್ಚು ಉಪಯುಕ್ತ ಶಕ್ತಿ ಒದಗಿಸುತ್ತದೆ ಎಂದು ತೋರಿಸಿದರು. ಅಂದರೆ ಇಂಧನವೇ ಇಲ್ಲವೆಂದು ತಿಳಿದು ಇಂಧನದ ಗಿಡ ನೆಡಲು ಹೊರಟ ನೆಲದಲ್ಲಿ ಆಗಲೇ ಹೆಚ್ಚಿನ ಇಂಧನವಿತ್ತು. ಅದು ಬಡವರ ಇಂಧನವಾದ್ದರಿಂದ, ಬಂಕಿನ ಮೀಟರಿನಲ್ಲಿ ಓಡದೆ ಇದ್ದುದರಿಂದ, ಯಾವ ವರದಿಯಲ್ಲೂ ಕಾಣಲಿಲ್ಲ. ಕರ್ನಾಟಕ ಇದೇ ಕಥೆಯ ಹಿಂದಿನ ಅಧ್ಯಾಯವನ್ನು ಕಂಡಿದೆ. 1984ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿ ಕೊಡಲು ಹೊರಟಾಗ, ಅದು ದನ ಮೇಯುವ, ಸೌದೆ ಸೊಪ್ಪು ತರುವ ನೆಲ ಎಂಬುದನ್ನು ಸಮಾಜ ಪರಿವರ್ತನ ಸಮುದಾಯ ಮತ್ತು ಹಳ್ಳಿಗರು ನೆನಪಿಸಬೇಕಾಯಿತು. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರಿನಲ್ಲಿ ನಡೆದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಪಲ್ಪಿಗಾಗಲಿ ಡೀಸೆಲ್ಲಿಗಾಗಲಿ, ಗೋಮಾಳವನ್ನು ಖಾಲಿ ನೆಲವೆಂದು ಎಣಿಸುವ ಅಭ್ಯಾಸ ಒಂದೇ.

ಜತ್ರೋಪ ಸೋತ ಮೇಲೆ ದೇಶದ ಗಮನ ಎಥನಾಲಿನತ್ತ ಹೊರಳಿತು. 2013-14ರಲ್ಲಿ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇ 1.5ರಷ್ಟಿತ್ತು, 2022ರಲ್ಲಿ ಶೇ 10 ಮುಟ್ಟಿ, 2030ಕ್ಕೆಂದು ಇಟ್ಟಿದ್ದ ಶೇ 20ರ ಗುರಿಯನ್ನು 2025ರಲ್ಲೇ ತಲುಪಿತು. ಆಡಳಿತದ ದೃಷ್ಟಿಯಿಂದ ಇದು ದೊಡ್ಡ ಸಾಧನೆ, ಅಲ್ಲಗಳೆಯಬೇಕಾಗಿಲ್ಲ. ಆದರೆ ಈ ವೇಗದ ಹಿಂದೆ ಕಚ್ಚಾವಸ್ತುವಿನಲ್ಲಿ ಆದ ಬದಲಾವಣೆಯನ್ನು ಬಿಡಿಸಿ ನೋಡಬೇಕು. ಸಕ್ಕರೆ ಪೂರ್ತಿ ತೆಗೆದ ಮೇಲೆ ಉಳಿಯುವ ಸಿ-ಹೆವಿ ಕಾಕಂಬಿಯಿಂದ ಒಂದು ಟನ್ ಕಬ್ಬಿಗೆ ಸುಮಾರು 10 ಲೀಟರ್ ಎಥನಾಲು ಬರುತ್ತದೆ. ಇದು ನಿಜವಾದ ಉಪೋತ್ಪನ್ನ. ಇದಕ್ಕಾಗಿ ಒಂದು ಗುಂಟೆ ಕಬ್ಬನ್ನೂ ಹೆಚ್ಚು ನೆಡಬೇಕಾಗಿಲ್ಲ. ಕಬ್ಬಿನ ಹಾಲನ್ನೇ ನೇರವಾಗಿ ಹುದುಗಿಸಿದರೆ ಅದೇ ಒಂದು ಟನ್ನಿಗೆ ಸುಮಾರು 70 ಲೀಟರ್ ಸಿಗುತ್ತದೆ. ಅಲ್ಲಿಗೆ ಕಬ್ಬೇ ಇಂಧನದ ಬೆಳೆಯಾಗುತ್ತದೆ, ಅದು ಕುಡಿದ ನೀರೆಲ್ಲ ಇಂಧನದ ಖಾತೆಗೆ ಬರುತ್ತದೆ. ನೀತಿ ಆಯೋಗದ 2021ರ ಮಾರ್ಗನಕ್ಷೆಯೇ ಈ ಲೆಕ್ಕ ಹಾಕಿದೆ: ಸಕ್ಕರೆ ಮೂಲದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು. ಕಬ್ಬು ಮತ್ತು ಭತ್ತ ಸೇರಿ ದೇಶದ ನೀರಾವರಿ ನೀರಿನ ಶೇ 70ರಷ್ಟನ್ನು ಬಳಸುತ್ತಿವೆ ಎಂಬ ಎಚ್ಚರಿಕೆಯೂ ಅದೇ ವರದಿಯಲ್ಲಿದೆ.

ಕಬ್ಬು ಹೇಗೂ ಬೆಳೆಯುತ್ತಿದೆ, ಸಕ್ಕರೆ ಹೇಗೂ ಹೆಚ್ಚಾಗಿ ಬಿದ್ದಿದೆ, ಆ ಹೆಚ್ಚುವರಿಯನ್ನು ಎಥನಾಲು ಮಾಡಿದರೆ ಹೊಸದಾಗಿ ನೀರು ಎಲ್ಲಿ ಖರ್ಚಾಯಿತು ಎಂಬ ಆಕ್ಷೇಪಕ್ಕೆ ತೂಕವಿದೆ. ಬೆಳೆಗಾರರ ಬಾಕಿ ತೀರಿಸಲು ಕಾರ್ಖಾನೆಗಳಿಗೆ ಎಥನಾಲಿನ ಹಣ ನೆರವಾಗಿದೆ ಎಂಬುದೂ ನಿಜ. ಆದರೆ ಸಕ್ಕರೆಯ ಹೆಚ್ಚುವರಿ ಎಂಬುದು ನಿಸರ್ಗದತ್ತ ಸ್ಥಿತಿಯಲ್ಲ. ನೀರು, ವಿದ್ಯುತ್ತು, ಬೆಲೆಗಳ ಬಗ್ಗೆ ಹಲವು ದಶಕಗಳಲ್ಲಿ ತೆಗೆದುಕೊಂಡ ತೀರ್ಮಾನಗಳ ಫಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಬ್ಬಿನ ಕ್ಷೇತ್ರ ಕಡಿಮೆಯಾಗಬೇಕು ಎನ್ನುವ ಒತ್ತಡ ಬರಬೇಕಾಗಿದ್ದ ಹೊತ್ತಿನಲ್ಲಿ, ಖಾತರಿ ಬೆಲೆಯ ಎರಡನೆಯ ಮಾರುಕಟ್ಟೆ ಆ ಒತ್ತಡವನ್ನು ತೆಗೆದುಹಾಕಿತು. ಈ ವ್ಯವಸ್ಥೆ ಎಷ್ಟು ತೆಳುವಾದ ನೀರಿನ ಮೇಲೆ ನಿಂತಿದೆ ಎಂಬುದು 2023ರಲ್ಲಿ ಬಯಲಾಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಸಕ್ಕರೆ ಉತ್ಪಾದನೆ ಕುಸಿಯುವ ಭಯದಿಂದ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲು ತೆಗೆಯುವುದನ್ನು ತಡೆಯಿತು. ವಾರದ ಬಳಿಕ 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಸಡಿಲಿಸಿತು. ಆ ಆದೇಶ ಬಂದದ್ದು ಸಕ್ಕರೆಯ ಬೆಲೆ ಕಾಯಲು. ಕೃಷ್ಣಾ ಕೊಳ್ಳದಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದ ಊರುಗಳ ಲೆಕ್ಕ ಅದರಲ್ಲಿ ಇರಲಿಲ್ಲ.

ಕಬ್ಬಿನ ಸಾಮಾಜಿಕ ಮುಖವನ್ನು ಇಂಧನದ ಚರ್ಚೆಯಲ್ಲಿ ತರುವುದೇ ಅಪರೂಪ. ಹಂಗಾಮಿನಲ್ಲಿ ಬಯಲುಸೀಮೆಯಿಂದ, ಮರಾಠವಾಡದಿಂದ ಕಬ್ಬು ಕಡಿಯುವ ತಂಡಗಳು ಮುಂಗಡದ ಸಾಲ ಹೊತ್ತು, ಮಕ್ಕಳ ಶಾಲೆ ಬಿಡಿಸಿಕೊಂಡು ಬರುತ್ತವೆ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂಬುದು ಹೊರಬಿದ್ದು ಮಹಾರಾಷ್ಟ್ರ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಕೆಲಸ ತಪ್ಪಿಸಿದರೆ ದಂಡ ತೆರಬೇಕಾದ ವ್ಯವಸ್ಥೆಯಲ್ಲಿ ಮುಟ್ಟು ಕೂಡ ನಷ್ಟವಾಗುತ್ತದೆ. ಎಥನಾಲಿಗೆ ಹಸಿರು ಇಂಧನವೆಂಬ ಮನ್ನಣೆಯೂ ಅದರ ಮೇಲಿನ ತೆರಿಗೆಯ ರಿಯಾಯಿತಿಯೂ ಈ ಕೂಲಿಯವರ ತನಕ ಇಳಿದಿಲ್ಲ.

ಎಥನಾಲಿನ ಗುರಿ ಕಬ್ಬಿನಿಂದಷ್ಟೇ ಮುಟ್ಟಲಾಗದೆ ಈಗ ಧಾನ್ಯದ ಮೇಲೆ ನಿಂತಿದೆ. 2024-25ರ ಹೊತ್ತಿಗೆ ಮೆಕ್ಕೆಜೋಳವೇ ಮುಖ್ಯ ಕಚ್ಚಾವಸ್ತುವಾಯಿತು. ಇಲ್ಲಿ ಲೀಟರಿನ ಲೆಕ್ಕ ಬಿಟ್ಟು ಎಕರೆಯ ಲೆಕ್ಕ ಹಾಕಿ ನೋಡೋಣ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲು ಬರುತ್ತದೆ. ಹೆಕ್ಟೇರಿಗೆ 3 ಟನ್ ಇಳುವರಿ ಹಿಡಿದರೆ 1,140 ಲೀಟರ್. ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟು ಶಕ್ತಿಯಿರುವುದರಿಂದ ಇದು ಸುಮಾರು 750 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ವರ್ಷಕ್ಕೆ 10 ಸಾವಿರ ಕಿಲೋಮೀಟರ್ ಓಡಿದರೆ ಅದಕ್ಕೆ ಬೇಕಾದದ್ದು 670 ಲೀಟರ್. ಉಳುಮೆಯ ಡೀಸೆಲ್ಲು, ಯೂರಿಯಾ, ಡಿಸ್ಟಿಲರಿಯ ಉರುವಲು ಇವನ್ನು ಕಳೆಯುವ ಮುನ್ನವೇ ಎರಡೂವರೆ ಎಕರೆ ಹೊಲ ಒಂದು ಕಾರಿಗೆ ಸರಿಹೋಗುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಒಂದು ರೈತ ಕುಟುಂಬದ ಬದುಕಿಗೆ ಆಧಾರವಾದಷ್ಟೇ ನೆಲ. ಧಾನ್ಯದ ತೂಕದ ಮೂರನೇ ಒಂದರಷ್ಟು ಹಿಂಡಿಯಾಗಿ ಕೋಳಿ, ದನಗಳ ಮೇವಿಗೆ ಮರಳುತ್ತದೆ ಎಂದು ಉದ್ಯಮ ಹೇಳುವುದು ಸರಿಯೇ. ಅದನ್ನು ಪೂರ್ತಿ ಜಮಾ ಮಾಡಿದರೂ ಒಂದು ಕಾರಿಗೆ ಒಂದೂವರೆ ಎಕರೆ ಉಳಿದೇ ಉಳಿಯುತ್ತದೆ. ಈ ನೆಲವೂ ಖಾಲಿಯಿರಲಿಲ್ಲ. ದಾವಣಗೆರೆ, ಹಾವೇರಿಗಳ ಮಳೆಯಾಶ್ರಿತ ಹೊಲಗಳಲ್ಲಿ ಜೋಳ, ರಾಗಿ, ತೊಗರಿ, ಅವರೆಗಳ ಅಕ್ಕಡಿ ಸಾಲುಗಳು ಎಥನಾಲಿಗೂ ಮುಂಚೆಯೇ ಮೆಕ್ಕೆಜೋಳಕ್ಕೆ ಜಾಗ ಬಿಡುತ್ತಾ ಬಂದಿದ್ದವು. ಹೊಸ ಬೇಡಿಕೆ ಆ ಹಾದಿಯನ್ನು ಗಟ್ಟಿ ಮಾಡುತ್ತಿದೆ.

ರೈತನಿಗೆ ಬೆಲೆ ಸಿಗುವುದಾದರೆ ಈ ಟೀಕೆಗಳೆಲ್ಲ ಊರು ಬಿಟ್ಟವರ ಚಿಂತೆ ಎಂಬ ಮಾತು ಕೇಳಿಬರುತ್ತದೆ. ಬೆಲೆಯ ಮಾತು ಗಂಭೀರವಾದದ್ದು, ಅದನ್ನು ಸಾಕ್ಷ್ಯದಿಂದಲೇ ಪರಿಶೀಲಿಸಬೇಕು. ಎಥನಾಲಿನ ಬೇಡಿಕೆಯಿಂದ ಮೆಕ್ಕೆಜೋಳದ ದರ ಏರಿದ್ದು ಹೌದು. 2024ರಲ್ಲಿ ಕೋಳಿ ಆಹಾರ ತಯಾರಕರು ಕಂಗೆಟ್ಟರು, ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು. ಆದರೆ 2025ರ ನವೆಂಬರಿನಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು, ಉತ್ತರ ಕರ್ನಾಟಕದ ಬೆಳೆಗಾರರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಎಥನಾಲಿನ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. ಆ ಎಥನಾಲಿಗೆ ಹೋಗುವ ಕಾಳಿನ ದರಕ್ಕೆ ಅಂಥ ಕಟ್ಟಿಲ್ಲ. ಡಿಸ್ಟಿಲರಿಗೆ ಖಾತರಿ, ರೈತನಿಗೆ ಸಂತೆ ಎಂಬ ಈ ಏರ್ಪಾಡನ್ನು ರೈತಪರ ಎನ್ನಲಾಗದು.

ಬೆಳೆಯ ಉಳಿಕೆಯಿಂದ ಎಥನಾಲು ತೆಗೆದರೆ ಈ ತೊಡಕುಗಳೆಲ್ಲ ನೀಗುತ್ತವೆ ಎಂದು ನಂಬುವವರಿದ್ದಾರೆ. ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಲೋಕಾರ್ಪಣೆಯಾದ ಘಟಕಕ್ಕೆ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವ ಗುರಿ. ಹುಲ್ಲನ್ನು ಗದ್ದೆಯಲ್ಲೇ ಸುಡುವ ಸೀಮೆಗೆ ಅದು ಒಪ್ಪುವ ಉಪಾಯ. ನಮ್ಮಲ್ಲಿ ಭತ್ತದ ಹುಲ್ಲು, ಜೋಳದ ಕಣಕಿ ಬಣವೆಯಾಗಿ ನಿಲ್ಲುತ್ತವೆ, ಬೇಸಿಗೆಯಲ್ಲಿ ದನ ಬದುಕುವುದೇ ಅವುಗಳಿಂದ. ಬರಗಾಲದಲ್ಲಿ ಮೇವಿನ ಬ್ಯಾಂಕ್ ತೆರೆಯುವ ರಾಜ್ಯಕ್ಕೆ ಹುಲ್ಲನ್ನು ತ್ಯಾಜ್ಯವೆಂದು ಎಣಿಸುವ ಹಕ್ಕಿಲ್ಲ.

ಹಾಗಾದರೆ ಯಾವುದನ್ನೂ ಹೊರದೂಡದೆ ಸಿಗುವ ಇಂಧನ ಇದೆಯೇ? ಹೊಂಗೆ ಅದಕ್ಕೆ ಅತಿ ಹತ್ತಿರದ ಉದಾಹರಣೆ. ಅದು ಬದುವಿನಲ್ಲಿ, ಕೆರೆಯ ಏರಿಯ ಬಳಿ, ರಸ್ತೆಯಂಚಿನಲ್ಲಿ ತಾನಾಗಿ ನಿಲ್ಲುವ ಮರ; ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ, ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಮೂರನೇ ಒಂದರಷ್ಟು ಎಣ್ಣೆ, ಎಣ್ಣೆ ತೆಗೆದ ಹಿಂಡಿ ಮತ್ತೆ ಹೊಲಕ್ಕೆ. ದೀಪದ ಎಣ್ಣೆಯಾಗಿ ಹಳ್ಳಿಗೆ ಚಿರಪರಿಚಿತವಾದ ಇದನ್ನು ಡೀಸೆಲ್ ಎಂಜಿನ್ನಿನಲ್ಲಿ ಓಡಿಸಬಹುದೆಂದು 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ‘ಸೂತ್ರ’ ಯೋಜನೆ ತೋರಿಸಿತು. ಹಳ್ಳಿಯ ಮರದ ಬೀಜದಿಂದ ಹಳ್ಳಿಯ ಜನರೇಟರು, ಹಳ್ಳಿಯ ಪಂಪು ಎಂಬುದು ಅದರ ಕಲ್ಪನೆ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ, 2009ರ ರಾಜ್ಯ ನೀತಿ, ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ಇದೇ ಜಾಡಿನಲ್ಲಿ ಬಂದವು. ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಹೊಲದ ಅಂಚಿನಲ್ಲಿ ಬೆಳೆಸುವ ಈ ದಾರಿ ಜತ್ರೋಪದ ತೋಪಿಗಿಂತ ಮೂಲದಲ್ಲೇ ಬೇರೆ: ಬೆಳೆಯನ್ನು ತೆಗೆಯದೆ ಬೆಳೆಯ ಪಕ್ಕ ನಿಲ್ಲುತ್ತದೆ. ಇದರ ಮಿತಿಯೂ ಸ್ಪಷ್ಟ. ಬೀಜ ಆರಿಸುವುದು, ಒಡೆಯುವುದು ಹೆಂಗಸರ ಬೆನ್ನು ಬಾಗಿಸುವ ಕೆಲಸ. ಅವರಿಗೆ ಸಿಗುವ ಕೂಲಿ ಕಡಿಮೆಯಾದರೆ ಬೀಜ ಮರದಡಿಯೇ ಉಳಿಯುತ್ತದೆ, ಕೂಲಿ ಸರಿಯಾಗಿ ಕೊಟ್ಟರೆ ಎಣ್ಣೆ ಡೀಸೆಲ್ಲಿಗಿಂತ ದುಬಾರಿಯಾಗುತ್ತದೆ. ದೇಶದ ವಾಹನಗಳಿಗೆ ಇದು ಎಂದೂ ಸಾಲದು. ಆದರೆ ಹೊಂಗೆಯ ಪ್ರಮಾಣ ಚಿಕ್ಕದೆಂದು ತಳ್ಳಿಹಾಕುವವರು, ಯಾರ ಊಟ, ಯಾರ ನೀರು, ಯಾರ ಸೌದೆಯನ್ನೂ ಕಸಿಯದ ಜೈವಿಕ ಇಂಧನದ ಪ್ರಮಾಣವೇ ಚಿಕ್ಕದು ಎಂಬುದನ್ನು ಗಮನಿಸಬೇಕು. ಅದರಾಚೆಗಿನ ಪ್ರತಿ ಲೀಟರೂ ಯಾರದೋ ಬಳಕೆಯಿಂದ ಕಿತ್ತುಕೊಂಡದ್ದು.

ವಾಹನಗಳಿಗೆ ಬೇರೆ ದಾರಿಯಿಲ್ಲದಿದ್ದರೆ ಈ ಕಿತ್ತುಕೊಳ್ಳುವಿಕೆಗೂ ಒಂದು ಸಮರ್ಥನೆ ಇರುತ್ತಿತ್ತು. ಆದರೆ ಸೌರ ವಿದ್ಯುತ್ತಿನ ದಾರಿಯಿದೆ. ಪಾವಗಡದ ಸೌರ ಉದ್ಯಾನದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯವಿದೆ. ಅಲ್ಲಿನ ಒಂದು ಹೆಕ್ಟೇರಿನ ವಾರ್ಷಿಕ ವಿದ್ಯುತ್ತು ನೂರಾರು ವಿದ್ಯುತ್ ಕಾರುಗಳಿಗೆ ಸಾಕು. ಪಾವಗಡದಲ್ಲೂ ನಮ್ಮ ಪ್ರಶ್ನೆ ಬಿಡುವುದಿಲ್ಲ: ಜಮೀನಿದ್ದವರಿಗೆ ಗುತ್ತಿಗೆಯ ಹಣ ಬಂತು, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಕೆಲಸ ಹೋಯಿತು. ಆದರೂ ಒಂದು ಕಾರಿಗೆ ಒಂದು ಹೊಲ ಮತ್ತು ನೂರಾರು ಕಾರಿಗೆ ಒಂದು ಹೊಲ ಇವೆರಡರ ನಡುವಿನ ಅಂತರ ಎಂಥ ಪರಿಹಾರವನ್ನೂ ಕೊಡಲು ಸಾಕಾಗುವಷ್ಟು ದೊಡ್ಡದು.

ಆದ್ದರಿಂದ ಬೆರಕೆಯ ಶೇಕಡಾವಾರು ಗುರಿಯನ್ನು ಇನ್ನೂ ಏರಿಸುವ ಬದಲು ಮೂಲಗಳನ್ನು ಬೇರ್ಪಡಿಸಬೇಕು. ಸಿ-ಹೆವಿ ಕಾಕಂಬಿ, ತಿನ್ನಲು ಬಾರದ ಹಾಳಾದ ಧಾನ್ಯ, ಕರಿದುಳಿದ ಎಣ್ಣೆ, ಬದುವಿನ ಹೊಂಗೆ ಇವುಗಳಿಗೆ ರಿಯಾಯಿತಿ ಇರಲಿ. ಕಬ್ಬಿನ ಹಾಲಿಗೆ, ಹೊಲದಿಂದ ನೇರ ಬರುವ ಕಾಳಿಗೆ ಬೇಡ. ಧಾನ್ಯ ಹೆಚ್ಚುವರಿಯೇ ಎಂಬುದನ್ನು ಈಗ ದೆಹಲಿಯ ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿ ತೀರ್ಮಾನಿಸುತ್ತದೆ. ನೀರಿನ ವಿಷಯದಲ್ಲಿ ಅಂಥ ತೀರ್ಮಾನ ಕೊಳ್ಳದ ಮಟ್ಟದಲ್ಲಿ, ಕಾಲುವೆಯ ಕೊನೆಯಂಚಿನ ಊರುಗಳ ಮಾತು ಕೇಳಿ ಆಗಬೇಕು. ಅದರ ಸಮಯವೂ ಮುಖ್ಯ. ಕಬ್ಬು ನೆಟ್ಟು ವರ್ಷದ ಮೇಲೆ ಕಟಾವಿಗೆ ಬರುವ ಬೆಳೆ. ಗಾಣ ಶುರುವಾದ ಮೇಲೆ ಡಿಸೆಂಬರಿನಲ್ಲಿ ಬರುವ ಆದೇಶ ಸಕ್ಕರೆಯನ್ನು ಉಳಿಸಬಹುದು, ಆಗಲೇ ಹರಿದುಹೋದ ನೀರನ್ನು ಉಳಿಸಲಾರದು. ಯಾವ ಕೊಳ್ಳದಲ್ಲಿ ಎಷ್ಟು ಕಬ್ಬು ಇಂಧನಕ್ಕೆ ಹೋಗಬಹುದು ಎಂಬ ಮಿತಿ ಪ್ರಕಟವಾಗಬೇಕಾದದ್ದು ನಾಟಿಗೆ ಮುಂಚೆ, ಜಲಾಶಯದ ಮಟ್ಟ ನೋಡಿಕೊಂಡು.