ಸರ್ಕಾರಿ ಶಾಲೆ ಮಕ್ಕಳಿಗಾಗಿ ಎನ್‌ಜಿಒ ಕೆಲಸ: ಸೇರುವ ಮುನ್ನ ತಿಳಿದಿರಬೇಕಾದ ವಿಷಯಗಳು

ಹಿರಿಯಡ್ಕ: ಡಿಗ್ರಿ ಮುಗಿದ ಮೇಲೆ ಮುಂದೇನು ಅಂತ ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಬಿ.ಎಡ್, ಬ್ಯಾಂಕ್ ಪರೀಕ್ಷೆ, ಮಣಿಪಾಲದಲ್ಲಿ ಒಂದು ಕೆಲಸ, ಇಲ್ಲವೇ ಗಲ್ಫ್. ಸರ್ಕಾರಿ ಶಾಲೆಯ ಮಕ್ಕಳ ಕಲಿಕೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳಲ್ಲೂ ಸಂಬಳದ ಹುದ್ದೆಗಳಿವೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. "ಅದು ಸಮಾಜಸೇವೆ ಅಲ್ವಾ, ಹೊಟ್ಟೆಪಾಡಿಗೆ ಏನು ಮಾಡ್ತೀ?" ಅಂತ ಮನೆಯವರು ಕೇಳುವುದು ಸಹಜ.

ಹಾಗೆ ಕೇಳಲು ಕಾರಣವೂ ಇದೆ. ಉಡುಪಿ ಭಾಗದಲ್ಲಿ ವಿದ್ಯಾರ್ಥಿಗಳಿಗೆ ನೆರವು ಅಂದರೆ ದಾನಿಗಳು, ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ಎಸ್‌ಡಿಎಂಸಿ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ತನ್ನ ವಿದ್ಯಾಪೋಷಕ್ ಯೋಜನೆಯಲ್ಲಿ ಬಡ ವಿದ್ಯಾರ್ಥಿಗಳ ಓದಿಗೆ ಹಣ ಕೊಡುತ್ತದೆ, ಮನೆ ಇಲ್ಲದವರಿಗೆ ಮನೆಯನ್ನೂ ಕಟ್ಟಿಸಿಕೊಡುತ್ತದೆ. ಇಂಥ ಕೆಲಸ ನಡೆಯುವುದು ಕಾರ್ಯಕರ್ತರ ಬಿಡುವಿನ ದುಡಿಮೆಯಿಂದ. ಹಾಗಾಗಿ ಇಲ್ಲಿ ಸೇವೆಗೆ ಅವಕಾಶ ಜಾಸ್ತಿ, ಸಂಬಳದ ಹುದ್ದೆ ಕಡಿಮೆ. ಅದೇ ವೃತ್ತಿ ಆಗಬೇಕಾದರೆ ಹೆಚ್ಚಿನವರು ಘಟ್ಟ ಹತ್ತಲೇಬೇಕು.

ಎಲ್ಲಿ, ಏನು ಕೆಲಸ?

ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಕೆಲಸ ಮಾಡುತ್ತದೆ. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷರ ಫೌಂಡೇಶನ್‌ನ 'ಗಣಿತ ಕಲಿಕಾ ಆಂದೋಲನ'ದಲ್ಲಿ ಶಾಲೆಗಳಿಗೆ ಗಣಿತ ಕಿಟ್, ಶಿಕ್ಷಕರಿಗೆ ತರಬೇತಿ ಸಿಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಯೂ ಅದರ ಭಾಗ.

ಮಕ್ಕಳಿಗೆ ನೇರವಾಗಿ ಪಾಠ ಮಾಡುವ ಹುದ್ದೆಗಳು ಇಲ್ಲಿ ಕಡಿಮೆಯೇ. ಬೆಳಿಗ್ಗೆ ಬಸ್ಸಿನಲ್ಲೋ ಬೈಕಿನಲ್ಲೋ ಹಳ್ಳಿ ಶಾಲೆಗೆ ಹೋಗಬೇಕು, ತರಗತಿಯ ಹಿಂದೆ ಕೂತು ನೋಡಬೇಕು, ಹೆಡ್‌ಮಾಸ್ಟರ ಹತ್ತಿರ ಮಾತಾಡಬೇಕು, ಸಿಆರ್‌ಪಿ ಕರೆದ ಸಭೆಗೆ ಹೋಗಬೇಕು, ಸಂಜೆ ವರದಿ ಬರೆಯಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಇಪ್ಪತ್ಮೂರರ ಪ್ರಾಯದವರು ಸಲಹೆ ಕೊಡುವುದು ಸುಲಭವಲ್ಲ. ಅಧಿಕಾರ ಅಂತೂ ಏನೂ ಇಲ್ಲ, ವಿಶ್ವಾಸದಿಂದಲೇ ಕೆಲಸ ಆಗಬೇಕು. ತುಳು ಮಾತಾಡಿ ಬೆಳೆದವರಿಗೆ ಯಾದಗಿರಿಯ ಕನ್ನಡ ಕಿವಿಗೆ ಒಗ್ಗಲು ಸ್ವಲ್ಪ ಸಮಯ ಬೇಕು. ಅಲ್ಲಿನ ಬಿಸಿಲಿಗೂ ಅಷ್ಟೇ!

ಬಿ.ಎಡ್ ಎಲ್ಲ ಕಡೆ ಕಡ್ಡಾಯವಿಲ್ಲ. ಎಂಎಸ್‌ಡಬ್ಲ್ಯು ಅಥವಾ ಶಿಕ್ಷಣದಲ್ಲಿ ಎಂ.ಎ. ಮಾಡಿದವರಿಗೆ ಅನುಕೂಲ ಹೆಚ್ಚು. ಯಾವುದೇ ಪದವೀಧರರು ಪ್ರಯತ್ನಿಸಬಹುದಾದ ದಾರಿ ಟೀಚ್ ಫಾರ್ ಇಂಡಿಯಾ, ಗಾಂಧಿ ಫೆಲೋಶಿಪ್‌ನಂಥ ಎರಡು ವರ್ಷದ ಫೆಲೋಶಿಪ್‌ಗಳು.

ಹಣ ಎಲ್ಲಿಂದ ಬರುತ್ತದೆ?

ಇದನ್ನು ಕೇಳದೆ ಸೇರಬೇಡಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ನಿಯಮದಿಂದ ಶಿಕ್ಷಣದ ಸಂಸ್ಥೆಗಳಿಗೆ ಹಣ ಹರಿದಿದೆ. ಆದರೆ ಆ ಹಣ ಬರುವುದು ಪ್ರಾಜೆಕ್ಟ್ ಲೆಕ್ಕದಲ್ಲಿ. ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯಬಹುದು. ಸ್ವಂತ ನಿಧಿ ಇರುವ ಸಂಸ್ಥೆಯಲ್ಲಿ ಈ ಭಯ ಕಡಿಮೆ, ಸಣ್ಣ ಸಂಸ್ಥೆಗಳಲ್ಲಿ ಜಾಸ್ತಿ.

ಹಾಗಾಗಿ ಸಂದರ್ಶನದಲ್ಲಿ ಸಂಕೋಚ ಬಿಟ್ಟು ಕೇಳಿ: ಒಪ್ಪಂದ ಎಷ್ಟು ತಿಂಗಳದ್ದು, ದಾನಿ ಯಾರು, ಪಿಎಫ್ ಇದೆಯಾ, ಪ್ರಯಾಣ ಭತ್ಯೆ ಬೇರೆ ಕೊಡ್ತಾರಾ ಅಥವಾ ಸಂಬಳದಲ್ಲೇ ಸೇರಿದೆಯಾ? ದಿನಾ ಊರೂರು ಸುತ್ತುವ ಕೆಲಸದಲ್ಲಿ ಪೆಟ್ರೋಲ್ ಖರ್ಚು ಕೈಯಿಂದ ಹೋದರೆ ತಿಂಗಳ ಕೊನೆಗೆ ಉಳಿಯುವುದು ಅಷ್ಟರಲ್ಲೇ ಇದೆ. ಸಂಸ್ಥೆಗೆ 12ಎ, 80ಜಿ ನೋಂದಣಿ ಇದೆಯೇ, ನೀತಿ ಆಯೋಗದ 'ದರ್ಪಣ್' ಪೋರ್ಟಲಿನಲ್ಲಿ ಅದರ ಹೆಸರು ಇದೆಯೇ ಎಂದೂ ನೋಡಿಕೊಳ್ಳಿ.

ಇನ್ನೊಂದು ಮಾತು. ಮುಂದೆ ಸರ್ಕಾರಿ ಶಿಕ್ಷಕರಾಗುವ ಆಸೆ ಇದ್ದರೆ ಎನ್‌ಜಿಒ ಅನುಭವ ಡಿ.ಎಡ್, ಬಿ.ಎಡ್ ಅಥವಾ ಟಿಇಟಿಗೆ ಬದಲಿ ಅಲ್ಲ. ನೇಮಕಾತಿಗೆ ವಯೋಮಿತಿ ಇರುವುದರಿಂದ ವರ್ಷಗಳ ಲೆಕ್ಕ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಈ ಕೆಲಸ ನಿಮಗೆ ಹೊಂದುತ್ತದಾ ಅಂತ ತಿಳಿಯಲು ಘಟ್ಟ ಹತ್ತುವ ಮೊದಲು ಊರಲ್ಲೇ ಪರೀಕ್ಷೆ ಮಾಡಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿತ್ತು. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಿಚಾರಿಸಿ, ಶನಿವಾರ ಮಧ್ಯಾಹ್ನ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓದಿಸಿ. ಎರಡು ತಿಂಗಳು ಬಿಡದೆ ಮಾಡಿದರೆ ಅರ್ಜಿಯಲ್ಲಿ ಬರೆಯಲೂ ಒಂದು ವಿಷಯ ಸಿಗುತ್ತದೆ.